ಐದು ಪೈಸೆಯ ಸತ್ಯ

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಬರೀ ಸೋಮಾರಿತನ :-) ಇವತ್ತು ಮಾತ್ರ ಬರೆಯದೆ ಇರೋಕಾಗ್ತಿಲ್ಲ. ಸಿಟ್ಟು ಬಂದಿದೆ. ಸಿಟ್ಟಿನಲ್ಲಿ ಬರೆದದ್ದು ಸ್ವಲ್ಪ ಉದ್ದವಾಗುತ್ತೆ, ಹೊಟ್ಟೆಗೆ ಹಾಕ್ಕೊಳ್ಳಿ.

ಕಳೆದ ವಾರ ರಾತ್ರಿ ಅಕ್ಕನ ಫೋನು. ಅವಳು ಅತ್ತಿದ್ದಾಳೆ ಅನ್ನೋದು ದನಿಯಲ್ಲೇ ಗೊತ್ತಾಗ್ತಿತ್ತು. ವಿಷಯ ಇಷ್ಟು. ಅವಳ ಮಗ ಪುಟ್ಟನಿಗೆ ಐದು ವರ್ಷ, ಯುಕೆಜಿ. ಅವನ ಶಾಲೆಯಲ್ಲಿ ಪೋಷಕರಿಗೆ ಅಂತ ಒಂದು ಕಾರ್ಯಾಗಾರ ಇಟ್ಟಿದ್ರಂತೆ. ಮಕ್ಕಳನ್ನು ಒಬ್ಬೊಬ್ಬರನ್ನೇ ಕೋಣೆಯಲ್ಲಿ ಕೂರಿಸಿ, ಮುಂದೆ ಒಂದು ಚಾಕೊಲೇಟ್ ಇಟ್ಟು, "ನಾನು ವಾಪಸ್ ಬರೋವರೆಗೂ ತಿನ್ನದೆ ಇದ್ರೆ ಇನ್ನೊಂದು ಕೊಡ್ತೀನಿ" ಅಂತ ಹೇಳಿ ಸಮಾಲೋಚಕಿ ಹೊರಗೆ ಹೋಗೋದು. ಅಪ್ಪ ಅಮ್ಮಂದಿರು ಪಕ್ಕದ ಕೋಣೆಯ ಟಿವಿಯಲ್ಲಿ ನೋಡ್ತಾ ಕೂತಿರೋದು. ನಮ್ಮ ಪುಟ್ಟ ಬಾಗಿಲು ಮುಚ್ಚೋದಕ್ಕೂ ಕಾಯಲಿಲ್ಲ. ಕಾಗದ ಬಿಚ್ಚಿದ, ಬಾಯಿಗೆ ಹಾಕ್ಕೊಂಡ, ಕೈಯನ್ನ ಚಡ್ಡಿಗೆ ಒರೆಸಿಕೊಂಡ.

ಕೊನೆಗೆ ಆಕೆ ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ್ದು: "ನಿಮ್ಮ ಮಗನಿಗೆ ಸಂಯಮ ಕಡಿಮೆ ಇದೆ. ಈಗಲೇ ನೋಡ್ಕೊಳ್ಳಿ. ಅಮೆರಿಕಾದಲ್ಲಿ ಸಂಶೋಧನೆ ಆಗಿದೆ, ಹೀಗೆ ಕಾಯದೆ ಇರೋ ಮಕ್ಕಳು ಮುಂದೆ ಓದಿನಲ್ಲಿ ಹಿಂದೆ ಬೀಳ್ತಾರೆ."

"ಸೈಕಾಲಜಿ ಓದಿರೋಳು ನೀನು. ನಿಜ ಹೇಳೇ, ಅವನ ಕಥೆ ಮುಗೀತಾ?" ಅಂದಳು ಅಕ್ಕ.

ಐದು ವರ್ಷದ ಮಗುವಿನ ಕಥೆ ಒಂದು ಚಾಕೊಲೇಟಿಗೆ ಮುಗಿಯೋದಾದ್ರೆ ನಮ್ಮಲ್ಲಿ ಯಾರ ಕಥೆ ಉಳಿದೀತು ಹೇಳಿ? ಆದ್ರೆ ಅಕ್ಕನಿಗೆ ಹಾಗೆ ಸಮಾಧಾನ ಹೇಳಿದ್ರೆ ಸಾಲದು. ಆಕೆ ಹೇಳಿದ್ದು "ಸಂಶೋಧನೆ" ಅಂತ. ನಾನೂ ಸಂಶೋಧನೆಯನ್ನೇ ಮುಂದಿಟ್ಟು ಉತ್ತರ ಕೊಡಬೇಕಿತ್ತು. ಕೊಟ್ಟೆ. ಅದನ್ನೇ ಇಲ್ಲಿ ಬರೀತಿದ್ದೀನಿ.

ಆ ಪ್ರಯೋಗ ಸುಳ್ಳಲ್ಲ. 1960ರ ದಶಕದ ಕೊನೆಯಿಂದ ಕೆಲವು ವರ್ಷ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ನರ್ಸರಿ ಶಾಲೆಯಲ್ಲಿ ಇದನ್ನು ಮಾಡಿದ್ದು. ಮಾರ್ಷ್‌ಮೆಲೋ ಅನ್ನೋ ಮೆತ್ತನೆ ಮಿಠಾಯಿ ಇಟ್ಟದ್ದರಿಂದ ಅದಕ್ಕೆ ಮಾರ್ಷ್‌ಮೆಲೋ ಪರೀಕ್ಷೆ ಅನ್ನೋ ಹೆಸರೇ ಉಳೀತು. ಎಲ್ಲ ಸೇರಿ 600ಕ್ಕೂ ಹೆಚ್ಚು ಮಕ್ಕಳು. ಮಕ್ಕಳು ದೊಡ್ಡವರಾದ ಮೇಲೆ ಅವರಲ್ಲಿ ಸಿಕ್ಕವರನ್ನು ಹುಡುಕಿ, ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯ ಅಂಕಗಳ ಜೊತೆ ಹೋಲಿಸಿ, 1990ರಲ್ಲಿ ಪ್ರಬಂಧ ಪ್ರಕಟಿಸಿದರು. ಚಿಕ್ಕಂದಿನಲ್ಲಿ ಹೆಚ್ಚು ಹೊತ್ತು ಕಾದವರ ಅಂಕ ಹೆಚ್ಚು. ಗಣಿತದ ಅಂಕದ ಜೊತೆ ಸಹಸಂಬಂಧ 0.57. ದೊಡ್ಡದೇ.

ಈಗ ಒಂದೇ ಒಂದು ಪ್ರಶ್ನೆ ಕೇಳಿ. ಎಷ್ಟು ಮಕ್ಕಳು?

600 ಅಲ್ಲ. ಆ 0.57 ಬಂದದ್ದು ಮಿಠಾಯಿ ಕಣ್ಣೆದುರೇ ಇದ್ದು, ಮನಸ್ಸು ಬೇರೆಡೆ ತಿರುಗಿಸೋಕೆ ಯಾವ ಉಪಾಯವನ್ನೂ ಹೇಳಿಕೊಡದ ಒಂದು ಗುಂಪಿನಲ್ಲಿ. ಅದರಲ್ಲಿ ಅಂಕ ಸಿಕ್ಕಿದ್ದು 35 ಮಕ್ಕಳದ್ದು. ಮೂವತ್ತೈದು! ನಮ್ಮ ಪುಟ್ಟನ ಯುಕೆಜಿ ಒಂದು ಸೆಕ್ಷನ್ನಿನಷ್ಟು. ಅದೂ ಬಹುಪಾಲು ಆ ವಿಶ್ವವಿದ್ಯಾಲಯದ ಆಸುಪಾಸಿನ ಓದಿಕೊಂಡವರ ಮನೆಯ ಮಕ್ಕಳು. ಮಾದರಿ ಚಿಕ್ಕದು, ಹಾಗಾಗಿ ಸಂಬಂಧ ಇರೋದಕ್ಕಿಂತ ದೊಡ್ಡದಾಗಿ ಕಂಡಿರಬಹುದು ಅಂತ ಆ ಪ್ರಬಂಧದಲ್ಲೇ ಬರೆದುಕೊಂಡಿದ್ದಾರೆ. ಆ ಸಾಲು ಮಾತ್ರ ಯಾವ ಕಾರ್ಯಾಗಾರಕ್ಕೂ ಬರೋದಿಲ್ಲ.

2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು 918 ಮಕ್ಕಳ ಮಾಹಿತಿ ಇಟ್ಟುಕೊಂಡು ಮತ್ತೆ ನೋಡಿದರು. ಕಾಲೇಜು ಮೆಟ್ಟಿಲು ಹತ್ತದ ಅಮ್ಮಂದಿರ ಮಕ್ಕಳೂ ಅದರಲ್ಲಿದ್ದರು. ಸಂಬಂಧ ಇತ್ತು, ಆದ್ರೆ ಹಳೆಯದರ ಸುಮಾರು ಅರ್ಧದಷ್ಟು. ಮನೆಯ ಸ್ಥಿತಿಗತಿ, ಮಗುವಿನ ಆಗಿನ ಬುದ್ಧಿಮಟ್ಟ, ಇವನ್ನೆಲ್ಲ ಲೆಕ್ಕಕ್ಕೆ ತಗೊಂಡಾಗ ಉಳಿದದ್ದರಲ್ಲೂ ಮೂರನೇ ಎರಡು ಭಾಗ ಕರಗಿಹೋಯ್ತು. ಅಂದ್ರೆ ಮಿಠಾಯಿ ಬಹುಪಾಲು ಅಳೆದದ್ದು ಮಗುವಿನ ಸಂಯಮವನ್ನಲ್ಲ, ಅದು ಹುಟ್ಟಿದ ಮನೆಯನ್ನ.

ಇನ್ನೊಂದು ಮಾತು. ಆ 0.57 ಅನ್ನೇ ಪೂರ್ತಿ ನಂಬೋಣ. ಅದನ್ನು ಅದರಿಂದಲೇ ಗುಣಿಸಿ, ಸುಮಾರು 0.32. ಮಕ್ಕಳ ಅಂಕಗಳಲ್ಲಿರೋ ಏರುಪೇರಿನ ಮೂರನೇ ಒಂದು ಭಾಗಕ್ಕೂ ಸ್ವಲ್ಪ ಕಡಿಮೆ ಇದರ ಜೊತೆ ಹೊಂದಿಕೊಳ್ಳುತ್ತೆ. ಉಳಿದ ಎರಡು ಭಾಗ ಬೇರೆಲ್ಲೋ ಇದೆ. ಸಹಸಂಬಂಧ ಒಂದು ಗುಂಪಿನ ಒಲವನ್ನು ಹೇಳುತ್ತೆ, ಒಂದು ಮಗುವಿನ ಹಣೆಬರಹವನ್ನಲ್ಲ. ಇದು ಸಂಖ್ಯಾಶಾಸ್ತ್ರದ ಮೊದಲ ಪಾಠ ಕಣ್ರೀ! ಇದನ್ನೇ ಕಲಿಯದೆ ಅಮ್ಮಂದಿರನ್ನು ಅಳಿಸೋಕೆ ಹೊರಟರೆ ಹೇಗೆ?

ಅಕ್ಕನ ಮನೆ ಕೂಡು ಕುಟುಂಬ. ತಟ್ಟೆಯಲ್ಲಿ ಕೋಡುಬಳೆ ಇಟ್ಟು ಈ ಕಡೆ ತಿರುಗಿದ್ರೆ ಆ ಕಡೆ ದೊಡ್ಡಪ್ಪನ ಮಕ್ಕಳು ಖಾಲಿ ಮಾಡಿರ್ತಾರೆ. ಪುಟ್ಟ ಕಾದಿದ್ದರೆ ಪೆದ್ದ ಅನ್ನಿಸ್ಕೋತಿದ್ದ :-) 2013ರಲ್ಲಿ ಸೆಲೆಸ್ಟ್ ಕಿಡ್ ಎಂಬಾಕೆ ಮತ್ತು ಜೊತೆಗಾರರು ಇದನ್ನೂ ನೋಡಿದ್ದಾರೆ. ಮಿಠಾಯಿಗೆ ಮೊದಲು ಅರ್ಧ ಮಕ್ಕಳಿಗೆ ಒಳ್ಳೆ ಬಣ್ಣದ ಸಾಮಾನು ತಂದುಕೊಡ್ತೀವಿ ಅಂತ ಹೇಳಿ ಬರಿಗೈಯಲ್ಲಿ ಬಂದರು. ಉಳಿದವರಿಗೆ ಹೇಳಿದ ಹಾಗೆ ತಂದುಕೊಟ್ಟರು. ಮಾತು ತಪ್ಪಿಸಿಕೊಂಡ ಮಕ್ಕಳು ಸರಾಸರಿ ಸುಮಾರು 3 ನಿಮಿಷ ಕಾದರೆ, ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸುಮಾರು 12 ನಿಮಿಷ ಕಾದರು. ಕೇಳಿದ ತಕ್ಷಣ "ನೋಡು, ಅದೇ ನಾನು ಹೇಳ್ತಿದ್ದೆ!" ಅಂದಳು ಅಕ್ಕ. ತಡಿಯೇ ಮಾರಾಯ್ತಿ ಅಂದೆ. ಅದರಲ್ಲಿದ್ದದ್ದು ಬರೀ 28 ಮಕ್ಕಳು. ನಮಗೆ ಇಷ್ಟವಾದ ಉತ್ತರ ಅಂತ ಅದಕ್ಕೆ ರಿಯಾಯಿತಿ ಕೊಡೋ ಹಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ನನಗೆ ಸಿಟ್ಟು ಯಾರ ಮೇಲೆ? ಆ ಸಮಾಲೋಚಕಿಯ ಮೇಲೆ ಇತ್ತು, ಅರ್ಧ ಗಂಟೆ. ಆಮೇಲೆ ಹೋಯ್ತು. ಅವರು ಕಲಿತ ಹಾಗೇ ನಾನೂ ಕಲಿತವಳು. ಸಿಟ್ಟು ಇರೋದು ಆ ಕಲಿಕೆಯ ಮೇಲೆ.

ಸೈಕಾಲಜಿ ಎಂಎ ಮಾಡಿದವರನ್ನು ಕೇಳಿ ನೋಡಿ, ಯಾವ ಪೇಪರ್ ಕಂಡರೆ ಭಯ ಅಂತ. ಸಂಶೋಧನಾ ವಿಧಾನಗಳು ಮತ್ತು ಸಂಖ್ಯಾಶಾಸ್ತ್ರ. ನಾವೆಲ್ಲ ಮನಸ್ಸು, ಕನಸು, ಫ್ರಾಯ್ಡ್ ಅಂತ ಆಸೆಪಟ್ಟು ಸೇರಿಕೊಂಡವರು. ಮೊದಲ ಸೆಮಿಸ್ಟರಿನಲ್ಲೇ ಪ್ರಮಾಣ ವಿಚಲನೆ ಎದುರಿಗೆ ಬಂದು ನಿಂತಿತು! ಪಾಠ ಹೇಗಿತ್ತು ಅಂದ್ರೆ, ಮೇಷ್ಟ್ರು ನೋಟ್ಸ್ ಹೇಳೋದು, ನಾವು ಬರ್ಕೊಳ್ಳೋದು. "ಪಿ ಬೆಲೆ 0.05ಕ್ಕಿಂತ ಕಡಿಮೆ ಇದ್ದಲ್ಲಿ ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸತಕ್ಕದ್ದು." ಉಪನಯನದ ವಟುವಿಗೆ ಮಂತ್ರ ಹೇಳಿಕೊಟ್ಟ ಹಾಗೆ. ಅರ್ಥ ಕೇಳೋ ಪದ್ಧತಿ ಅಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ. ಯಾಕೆ 0.05? ಯಾಕೆ 0.06 ಅಲ್ಲ? ಎರಡು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈ ಪಿ ಅಂದ್ರೆ ಏನು ಅಂತ ನನಗೆ ನಿಜವಾಗಿ ಅರ್ಥ ಆದದ್ದು ಎಂಎ ಮುಗಿದು ಎಷ್ಟೋ ಕಾಲ ಆದ ಮೇಲೆ, ನಮ್ಮ ಅಪ್ಪನ ಕಾಫಿಯಿಂದ.

ಅಪ್ಪನಿಗೆ ಒಂದು ಜಂಭ. ಕಾಫಿಗೆ ಚಿಟಿಕೆ ಚಿಕೋರಿ ಬಿದ್ದರೂ ಗೊತ್ತಾಗುತ್ತೆ ಅಂತ. ಸರಿ, ಒಂದು ಭಾನುವಾರ ಅಮ್ಮನೂ ನಾನೂ ಸೇರಿ ಎಂಟು ಲೋಟ ಕಾಫಿ ಮಾಡಿದೆವು. ನಾಲ್ಕಕ್ಕೆ ಚಿಕೋರಿ ಹಾಕಿದ ಡಿಕಾಕ್ಷನ್, ನಾಲ್ಕಕ್ಕೆ ಶುದ್ಧ ಕಾಫಿ. ಚೀಟಿ ಎತ್ತಿ ಲೋಟಗಳ ಸಾಲು ನಿರ್ಧಾರ ಮಾಡಿದೆವು. "ನಾಲ್ಕು ಚಿಕೋರಿಯವು ಯಾವುವು, ಆರಿಸಿ" ಅಂದೆ. ಅಪ್ಪ ಗಂಭೀರವಾಗಿ ಗುಟುಕರಿಸಿ ನಾಲ್ಕು ಲೋಟ ಪಕ್ಕಕ್ಕಿಟ್ಟರು. ಮೂರು ಸರಿ, ಒಂದು ತಪ್ಪು.

"ನೋಡಿದ್ಯಾ! ನೂರಕ್ಕೆ ಎಪ್ಪತ್ತೈದು. ಡಿಸ್ಟಿಂಕ್ಷನ್!" ಅಂದ್ರು.

ಲೆಕ್ಕ ಹಾಕೋಣ. ಎಂಟರಲ್ಲಿ ನಾಲ್ಕನ್ನು ಆರಿಸೋ ದಾರಿಗಳು ಒಟ್ಟು 70. ನಾಲ್ಕೂ ಸರಿಯಾಗೋ ದಾರಿ 1. ಮೂರು ಸರಿಯಾಗಿ ಒಂದು ತಪ್ಪಾಗೋ ದಾರಿಗಳು 16. ಅಂದ್ರೆ ನಾಲಿಗೆಗೆ ಏನೂ ಗೊತ್ತಾಗದೆ ಕಣ್ಣುಮುಚ್ಚಿ ಆರಿಸಿದ್ರೂ ಮೂರು ಅಥವಾ ಹೆಚ್ಚು ಸರಿಯಾಗೋ ಸಾಧ್ಯತೆ 70ರಲ್ಲಿ 17, ನೂರಕ್ಕೆ ಸುಮಾರು 24. ನಾಲ್ಕು ಸಲಕ್ಕೆ ಒಂದು ಸಲ ಯಾರು ಬೇಕಾದ್ರೂ ಈ ಡಿಸ್ಟಿಂಕ್ಷನ್ ತಗೋಬಹುದು. ಆ 0.24 ಇದೆಯಲ್ಲ, ಅದೇ ಪಿ. ಅಪ್ಪ ನಾಲ್ಕೂ ಸರಿ ಹೇಳಿದ್ದರೆ 70ರಲ್ಲಿ 1, ಅಂದ್ರೆ ಸುಮಾರು 0.014. ಆಗ ನಾನು ಬಾಯಿ ಮುಚ್ಕೊಂಡು ಇನ್ನೊಂದು ಭಾನುವಾರ ಪರೀಕ್ಷೆ ಮಾಡ್ತಿದ್ದೆ.

ಈ ಆಟ ನನ್ನದಲ್ಲ. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬಾಕೆ ಟೀಗೆ ಹಾಲು ಮೊದಲು ಹಾಕಿದ್ದಾ ಆಮೇಲೆ ಹಾಕಿದ್ದಾ ಅಂತ ಹೇಳಬಲ್ಲೆ ಅಂದಿದ್ದರಂತೆ. ಅಲ್ಲಿದ್ದ ರೊನಾಲ್ಡ್ ಫಿಶರ್ ಅದನ್ನೇ ಎಂಟು ಬಟ್ಟಲಿನ ಪ್ರಯೋಗ ಮಾಡಿ 1935ರ ತನ್ನ ಪುಸ್ತಕದಲ್ಲಿ ಬರೆದ. 0.05 ಅನ್ನೋ ಗೆರೆಯನ್ನು ಬಳಕೆಗೆ ತಂದವನೂ ಅವನೇ, 1925ರ ಪುಸ್ತಕದಲ್ಲಿ. ಯಾಕೆ 0.05 ಅಂದ್ರೆ ಅನುಕೂಲ ಅಂತ! ದೇವರು ಕೊಟ್ಟ ಸಂಖ್ಯೆ ಅಲ್ಲ. ಅದೇ ಫಿಶರ್ 1926ರಲ್ಲಿ ಇನ್ನೊಂದು ಮಾತನ್ನೂ ಬರೆದಿದ್ದ: ಸರಿಯಾಗಿ ಯೋಜಿಸಿದ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದಾಗ ಅದು ಈ ಗೆರೆ ದಾಟದೆ ಇರೋದು ಅಪರೂಪ ಅನ್ನೋ ಹಾಗಿದ್ರೆ ಮಾತ್ರ ಅದನ್ನು ಸಾಬೀತಾದ ಸಂಗತಿ ಅನ್ನಬೇಕು. ನಾವು ಗೆರೆಯನ್ನು ಇಟ್ಕೊಂಡು "ಮತ್ತೆ ಮತ್ತೆ" ಅನ್ನೋದನ್ನು ಕೈಬಿಟ್ಟೆವು.

ಪಿ 0.24 ಅಂದ್ರೆ ಅಪ್ಪ ಸುಳ್ಳು ಹೇಳ್ತಿರೋ ಸಾಧ್ಯತೆ ನೂರಕ್ಕೆ 24 ಅಂತ ಅಲ್ಲ. ಪಿ 0.04 ಅಂದ್ರೆ ನಮ್ಮ ಸಿದ್ಧಾಂತ ನಿಜವಾಗಿರೋ ಸಾಧ್ಯತೆ 96 ಅಂತಲೂ ಅಲ್ಲ. ಪರಿಣಾಮ ದೊಡ್ಡದು ಅಂತಲೂ ಅಲ್ಲ. "ಏನೂ ಇಲ್ಲ ಅಂತಿಟ್ಕೊಂಡ್ರೆ, ಬರೀ ಅದೃಷ್ಟದಿಂದ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಸಿಗೋದು ಎಷ್ಟು ಅಪರೂಪ" ಅನ್ನೋದು ಮಾತ್ರ. ಅಷ್ಟೆ. ರೂಪಾಯಿಗೆ ಐದು ಪೈಸೆ. ಈ ಐದು ಪೈಸೆಯ ಮೇಲೆ ಎಂತೆಂಥ ಮಹಲು ಕಟ್ಟಿದ್ದೀವಿ ನೋಡಿ. ನಾನೂ ಒಂದು ಕಟ್ಟಿದ್ದೀನಿ.

ಹೌದು, ಈಗ ತಪ್ಪೊಪ್ಪಿಗೆ.

ನನ್ನ ಎಂಎ ಪ್ರಬಂಧದ ವಿಷಯ ಹಾಸ್ಟೆಲಿನಲ್ಲಿರೋ ವಿದ್ಯಾರ್ಥಿಗಳ ಮತ್ತು ಮನೆಯಿಂದ ಬರೋರ ಒಂಟಿತನ. 30 ಮಂದಿ ಅವರು, 30 ಮಂದಿ ಇವರು. ಹಾಸ್ಟೆಲಿನವರು ಹೆಚ್ಚು ಒಂಟಿ ಅಂತ ನನ್ನ ಊಹೆ. ಪ್ರಶ್ನಾವಳಿ ಹಂಚಿ, ತುಂಬಿಸಿಕೊಂಡು, ಎಸ್‌ಪಿಎಸ್‌ಎಸ್‌ಗೆ ಹಾಕಿ, ಟಿ ಪರೀಕ್ಷೆ ಮಾಡಿದೆ. ಪಿ 0.21. ಎದೆ ಧಸಕ್ ಅಂತು. ಗೈಡ್ ಹತ್ರ ಹೋದ್ರೆ, "ಸಿಗ್ನಿಫಿಕೆಂಟ್ ಬಂದಿಲ್ವಾ? ಇನ್ನೊಂದು ಸ್ವಲ್ಪ ನೋಡಮ್ಮಾ, ಏನಾದ್ರೂ ಸಿಗುತ್ತೆ" ಅಂದ್ರು. ಕೆಟ್ಟವರೇನಲ್ಲ. ಅವರ ಗೈಡೂ ಅವರಿಗೆ ಅದನ್ನೇ ಹೇಳಿದ್ದಿರಬೇಕು.

ಸರಿ, ನೋಡಿದೆ. ಗಂಡು ಹೆಣ್ಣು ಬೇರೆ ಮಾಡಿ ನೋಡಿದೆ. ವಿಜ್ಞಾನ ಕಲೆ ವಾಣಿಜ್ಯ ಅಂತ ಒಡೆದು ನೋಡಿದೆ. ಪ್ರಶ್ನಾವಳಿಯ ಒಂದೊಂದೇ ಭಾಗ ತಗೊಂಡು ನೋಡಿದೆ. "ಸರಿಯಾಗಿ ತುಂಬಿಲ್ಲ" ಅಂತ ನೆಪ ಹೇಳಿ ಮೂರು ಜನರನ್ನು ತೆಗೆದುಹಾಕಿದೆ. ಯಾವ ಮೂವರು ಅಂತ ಆರಿಸಿದ್ದು ಹೇಗೆ ಅಂತ ಮಾತ್ರ ಕೇಳಬೇಡಿ. ಕೊನೆಗೊಂದು ಸಂಜೆ, ಕಲಾ ವಿಭಾಗದ ಹುಡುಗಿಯರಲ್ಲಿ ಮಾತ್ರ, 0.04! ಗೆಳತಿಯರಿಗೆ ಮಸಾಲೆ ದೋಸೆ ಕೊಡಿಸಿದೆ.

ಆಮೇಲೆ ಪ್ರಬಂಧದ ಎರಡನೇ ಅಧ್ಯಾಯ ತೆಗೆದು, "ಕಲಾ ವಿಭಾಗದ ಹಾಸ್ಟೆಲ್ ವಿದ್ಯಾರ್ಥಿನಿಯರಲ್ಲಿ ಒಂಟಿತನ ಹೆಚ್ಚಿರುತ್ತದೆ" ಅಂತ ಪ್ರಾಕ್ಕಲ್ಪನೆ ಬರೆದೆ. ಮೊದಲಿಂದಲೂ ಅದೇ ನನ್ನ ತಲೆಯಲ್ಲಿತ್ತು ಅನ್ನೋ ಹಾಗೆ. ಬಸುರಿಗೆ ಬಾಯಲ್ಲಿ ಗಂಡು ಅಂತ ಹೇಳಿ, ಗೋಡೆಯ ಮೇಲೆ ಗುಟ್ಟಾಗಿ ಹೆಣ್ಣು ಅಂತ ಬರೆದಿಡೋ ಜ್ಯೋತಿಷಿಯ ಕಥೆ ಕೇಳಿದ್ದೀರಲ್ಲ, ಯಾವುದು ಹುಟ್ಟಿದ್ರೂ ಅವನು ಗೆದ್ದ ಹಾಗೆ. ನಾನು ಅವನಿಗಿಂತ ಕಡೆ. ಅವನು ಹುಟ್ಟೋ ಮೊದಲೇ ಬರೀತಿದ್ದ, ನಾನು ಹುಟ್ಟಿದ ಮೇಲೆ ಬರೆದೆ.

ಲೆಕ್ಕ ನೋಡಿ. ನಿಜವಾಗಿ ಏನೂ ಇಲ್ಲದ ಕಡೆ ಒಂದು ಪರೀಕ್ಷೆ ಮಾಡಿದ್ರೆ ಸುಳ್ಳು ಸಿಗ್ನಿಫಿಕೆಂಟ್ ಬರೋ ಸಾಧ್ಯತೆ ನೂರಕ್ಕೆ 5. ಒಂದಕ್ಕೊಂದು ಸಂಬಂಧ ಇಲ್ಲದ 10 ಪರೀಕ್ಷೆ ಮಾಡಿದ್ರೆ ಒಂದಾದ್ರೂ ಹಾಗೆ ಬರೋ ಸಾಧ್ಯತೆ 40. 20 ಮಾಡಿದ್ರೆ 64. ನಾನು ಮಾಡಿದ್ದು 20ಕ್ಕೂ ಹೆಚ್ಚು. ಬಾರದೆ ಇದ್ದಿದ್ರೇ ಆಶ್ಚರ್ಯ.

ಕೆಂಪು ರಟ್ಟು, ಚಿನ್ನದ ಅಕ್ಷರ, ಪ್ರಥಮ ದರ್ಜೆ. ಅಲ್ಲಿಗೆ ಮುಗಿದಿದ್ರೆ ಇದನ್ನ ಬರೀತಿರಲಿಲ್ಲ. ಕೆಲವು ವರ್ಷಗಳ ಮೇಲೆ ಒಂದು ಕಾಲೇಜಿನ ಪೋಷಕರ ಸಭೆಗೆ ಹೋಗಿದ್ದೆ. ವೇದಿಕೆ ಮೇಲೆ ಯಾರೋ ಭಾಷಣ ಮಾಡ್ತಾ, "ಹಾಸ್ಟೆಲಿನಲ್ಲಿರೋ ಹೆಣ್ಣುಮಕ್ಕಳಲ್ಲಿ ಒಂಟಿತನ ಹೆಚ್ಚು ಅಂತ ನಮ್ಮಲ್ಲೇ ಸಂಶೋಧನೆ ಆಗಿದೆ" ಅಂದ್ರು. ನನ್ನ ಪ್ರಬಂಧ! "ಕಲಾ ವಿಭಾಗ" ಅನ್ನೋದು ದಾರಿಯಲ್ಲೆಲ್ಲೋ ಉದುರಿಹೋಗಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಹಳ್ಳಿಯ ಅಪ್ಪ ಹೆಂಡತಿ ಕಡೆ ಬಾಗಿ, "ಹಂಗಾದ್ರೆ ಹಾಸ್ಟೆಲ್ ಬ್ಯಾಡ ಬುಡು, ಮುಂದಿನ್ ವರ್ಸ ನೋಡುವ" ಅಂದ. ಆ ಹುಡುಗಿ ಅವರಿಬ್ಬರ ಮಧ್ಯೆ ತಲೆ ತಗ್ಗಿಸಿ ಕೂತಿದ್ದಳು.

ನಾನು ಬಾಯಿ ಬಿಡಲಿಲ್ಲ. ಎದ್ದು, "ಅದು ನನ್ನ ಸಂಶೋಧನೆ, ಅದರಲ್ಲಿ ಏನೂ ಇಲ್ಲ" ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವಳು ಮುಂದೆ ಓದಿದಳೋ ಇಲ್ಲವೋ ಗೊತ್ತಿಲ್ಲ. ಪುಟ್ಟನ ವಿಷಯ ಕೇಳಿ ನನಗೆ ಇಷ್ಟು ಸಿಟ್ಟು ಯಾಕೆ ಬಂತು ಅಂತ ಈಗ ಗೊತ್ತಾಯ್ತಲ್ಲ?

ನನ್ನೊಬ್ಬಳ ಕಥೆ ಇದು ಅಂತ ಸಮಾಧಾನ ಪಟ್ಕೊಳ್ಳೋ ಹಾಗೂ ಇಲ್ಲ. 2011ರಲ್ಲಿ ಡ್ಯಾರಿಲ್ ಬೆಮ್ ಎಂಬ ಹೆಸರಾಂತ ಪ್ರಾಧ್ಯಾಪಕರು ಸಾಮಾಜಿಕ ಮನಶ್ಶಾಸ್ತ್ರದ ಅತಿ ದೊಡ್ಡ ನಿಯತಕಾಲಿಕೆಯಲ್ಲಿ 9 ಪ್ರಯೋಗಗಳ ಪ್ರಬಂಧ ಪ್ರಕಟಿಸಿದರು. ಮನುಷ್ಯರಿಗೆ ಮುಂದಾಗೋದು ಮೊದಲೇ ತಿಳಿಯುತ್ತೆ ಅನ್ನೋದಕ್ಕೆ 9ರಲ್ಲಿ 8 ಪ್ರಯೋಗ ಸಿಗ್ನಿಫಿಕೆಂಟ್! ಎಲ್ಲವೂ ಪಠ್ಯಪುಸ್ತಕದಲ್ಲಿ ಹೇಳಿದ ವಿಧಾನದಲ್ಲೇ. ಇಲ್ಲಿ ಎರಡೇ ದಾರಿ. ಭವಿಷ್ಯಜ್ಞಾನ ನಿಜ, ಇಲ್ಲಾಂದ್ರೆ ನಮ್ಮ ವಿಧಾನದಲ್ಲೇ ತೂತಿದೆ.

ಅದೇ ವರ್ಷ ಸಿಮನ್ಸ್, ನೆಲ್ಸನ್, ಸಿಮನ್‌ಸನ್ ಎಂಬ ಮೂವರು ತೂತನ್ನು ತೋರಿಸಿದರು. 20 ವಿದ್ಯಾರ್ಥಿಗಳಿಗೆ ಹಾಡು ಕೇಳಿಸಿ, ಬೀಟಲ್ಸ್ ತಂಡದ ಒಂದು ಹಾಡು ಕೇಳಿದವರು ಬೇರೆಯವರಿಗಿಂತ ಸುಮಾರು ಒಂದೂವರೆ ವರ್ಷ ಚಿಕ್ಕವರಾದರು ಅಂತ "ಸಾಬೀತು" ಮಾಡಿದರು. ಚಿಕ್ಕವರು ಅನ್ನಿಸ್ತು ಅಂತಲ್ಲ, ವಯಸ್ಸೇ ಇಳೀತು! ಪಿ ಎಷ್ಟು ಗೊತ್ತಾ? 0.04. ನನ್ನದೇ ಸಂಖ್ಯೆ. ಓದಿ ಬೆವರು ಬಂತು. ಅವರು ಬೇಕಂತಲೇ ಮಾಡಿದ್ದನ್ನು ನಾನು ಓದು ಅಂದುಕೊಂಡು ಮಾಡಿದ್ದೆ. ಇಂಥ ನಾಲ್ಕು ಸಲುಗೆಗಳನ್ನು ಒಟ್ಟಿಗೆ ತಗೊಂಡರೆ ಸುಳ್ಳು ಫಲಿತಾಂಶದ ಸಾಧ್ಯತೆ ನೂರಕ್ಕೆ 5ರಿಂದ 61ರವರೆಗೂ ಏರುತ್ತೆ ಅಂತ ಲೆಕ್ಕ ಹಾಕಿ ತೋರಿಸಿದರು.

2015ರಲ್ಲಿ ಬ್ರಯಾನ್ ನೊಸೆಕ್ ಮುಂದಾಳತ್ವದಲ್ಲಿ ನೂರಾರು ಸಂಶೋಧಕರು ಸೇರಿ, ಮೂರು ದೊಡ್ಡ ನಿಯತಕಾಲಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ ಫಲಿತಾಂಶ ಹೊರಬಂತು. ಮೂಲದಲ್ಲಿ ನೂರಕ್ಕೆ 97 ಸಿಗ್ನಿಫಿಕೆಂಟ್. ಮತ್ತೆ ಮಾಡಿದಾಗ 36.

ಈಗ ಇಬ್ಬರು ಎದ್ದು ನಿಲ್ತಾರೆ ಅಂತ ನನಗೆ ಗೊತ್ತು.

ಮೊದಲನೆಯವರು ನಮ್ಮ ಕವಿಹೃದಯದ ಗೆಳೆಯರು. "ಅದಕ್ಕೇ ನಾವು ಹೇಳೋದು, ಮನಸ್ಸನ್ನು ಅಂಕಿಯಲ್ಲಿ ಅಳೆಯೋಕಾಗಲ್ಲ" ಅಂತಾರೆ. ಕ್ಷಮಿಸಿ, ಇದು ಕೇಳೋಕೆ ಚೆಂದ, ಅಷ್ಟೆ. ಪುಟ್ಟನಿಗೆ ಸಂಯಮ ಇಲ್ಲ ಅಂತ ಹೇಳಿದ್ದು ಅಂಕಿಯಲ್ಲ, ಅಂಕಿಯನ್ನು ಓದೋಕೆ ಬಾರದ ಮಾತು. ಅವನನ್ನು ಅದರಿಂದ ಬಿಡಿಸಿದ್ದು ಕವಿತೆಯಲ್ಲ, 35 ಮತ್ತು 918 ಅನ್ನೋ ಎರಡು ಸಂಖ್ಯೆಗಳು. ಎಣಿಸೋದನ್ನು ಬಿಟ್ಟುಬಿಟ್ಟರೆ ಉಳಿಯೋದು ಯಾರ ಗಂಟಲು ದೊಡ್ಡದೋ ಅವರ ಮಾತು. ಮಗು, ಹೆಂಗಸು, ಬಡವ, ಇವರ ಗಂಟಲು ಯಾವತ್ತು ದೊಡ್ಡದಿತ್ತು?

ಎರಡನೆಯವರು, "ಹಾಗಾದ್ರೆ ಸೈಕಾಲಜಿ ಪೂರ್ತಿ ಬೊಗಳೆ" ಅನ್ನೋರು. ಅದೂ ಅಲ್ಲ. ಈ ತೂತನ್ನು ಹುಡುಕಿದ್ದು ಯಾರು? ಮನಶ್ಶಾಸ್ತ್ರಜ್ಞರೇ. ಯಾವುದರಿಂದ? ಇದೇ ಸಂಶೋಧನಾ ವಿಧಾನದಿಂದ. ತಮ್ಮದೇ 100 ಅಧ್ಯಯನ ಮತ್ತೆ ಮಾಡಿ, ಬಿದ್ದದ್ದನ್ನು ಲೆಕ್ಕ ಹಾಕಿ ಪ್ರಕಟಿಸಿದ ಜ್ಯೋತಿಷಿಗಳ ಸಂಘ ಒಂದಿದ್ರೆ ತೋರಿಸಿ. ಈಗ ಎಷ್ಟೋ ಕಡೆ ಏನು ಅಳೀತೀವಿ, ಎಷ್ಟು ಜನರನ್ನು ತಗೋತೀವಿ, ಯಾವ ಲೆಕ್ಕ ಮಾಡ್ತೀವಿ ಅನ್ನೋದನ್ನು ಶುರು ಮಾಡೋ ಮೊದಲೇ ಬರೆದು, ತಾರೀಖು ಹಾಕಿ, ಎಲ್ಲರಿಗೂ ಕಾಣೋ ಕಡೆ ಇಡ್ತಾರೆ. ಫಲಿತಾಂಶ ನೋಡದೆ, ಬರೀ ಯೋಜನೆ ನೋಡಿ ಪ್ರಬಂಧ ಒಪ್ಪಿಕೊಳ್ಳೋ ನಿಯತಕಾಲಿಕೆಗಳೂ ಇವೆ. ಗೋಡೆಯ ಮೇಲೆ ಒಂದೇ ಮಾತು, ಎಲ್ಲರೆದುರು, ಮೊದಲೇ. ಜ್ಯೋತಿಷಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ :-)

ಇದೆಲ್ಲ ಪರದೇಶದ ಗೋಳು, ನಮಗೇನು ಅನ್ನಬೇಡಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಗಿದ್ದು 1924ರಲ್ಲಿ. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರು ಮಾಡಿದ, "ಆಕಾಶವಾಣಿ" ಹೆಸರಿನ ಜೊತೆಗೆ ನಾವು ನೆನೆಯೋ ಅವರೇ. ಅವರು ಲಂಡನ್ನಿನಲ್ಲಿ ಕಲಿತದ್ದು ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ, ನಾವು ಇವತ್ತಿಗೂ ಬಾಯಿಪಾಠ ಮಾಡೋ ಶ್ರೇಣಿ ಸಹಸಂಬಂಧದ ಸ್ಪಿಯರ್‌ಮನ್. ಧಾರವಾಡದಲ್ಲಿ ವಿ.ವಿ. ಕಾಮತ್ 1930ರ ದಶಕದಲ್ಲೇ ಬಿನೆಯ ಬುದ್ಧಿಶಕ್ತಿ ಪರೀಕ್ಷೆಯನ್ನು ಹಾಗೇ ಅನುವಾದಿಸಿ ಕೈ ತೊಳ್ಕೊಳ್ಳಲಿಲ್ಲ. ಕನ್ನಡ, ಮರಾಠಿ ಮಾತಾಡೋ ಮಕ್ಕಳ ಮೇಲೆ ಪ್ರಯೋಗಿಸಿ, ನಮ್ಮ ಮಕ್ಕಳ ಅಳತೆಗೆ ಹೊಂದಿಸಿದರು. ನಮ್ಮ ಮಕ್ಕಳನ್ನು ಅಳೆಯೋ ಮೊದಲು ನಮ್ಮ ಮಕ್ಕಳನ್ನು ಎಣಿಸಬೇಕು ಅನ್ನೋ ವಿವೇಕ ಆಗ ಇತ್ತು.

ಈಗ? 2008ರಲ್ಲಿ ಜೆಫ್ರಿ ಆರ್ನೆಟ್ ಅಮೆರಿಕಾದ ಆರು ಮುಖ್ಯ ನಿಯತಕಾಲಿಕೆಗಳನ್ನು ಜಾಲಾಡಿ ಹೇಳಿದ್ದು: ಅಧ್ಯಯನಕ್ಕೆ ಒಳಗಾದವರಲ್ಲಿ ನೂರಕ್ಕೆ 96 ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಆ ದೇಶಗಳಲ್ಲಿರೋದು ಜಗತ್ತಿನ ನೂರಕ್ಕೆ 12 ಜನ. ಆ ಫಲಿತಾಂಶವನ್ನು ತಂದು ಅಕ್ಕನ ಕೂಡು ಕುಟುಂಬದ ಪುಟ್ಟನ ಹಣೆಗೆ ಅಂಟಿಸೋದು. ಬೇರೆಯವರ ಕಾಲಿಗೆ ಅಳತೆ ಕೊಟ್ಟು ಹೊಲಿಸಿದ ಚಪ್ಪಲಿ ಹಾಕಿಸಿ, ನಡಿಗೆ ಸರಿ ಇಲ್ಲ ಅಂತ ಮಗುವನ್ನೇ ಬೈದ ಹಾಗೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಸಂಶೋಧನಾ ವಿಧಾನದ ಪೇಪರನ್ನು ಕಂಠಪಾಠದ ಪೇಪರ್ ಮಾಡಬೇಡಿ. ಎಂಟು ಲೋಟ ಕಾಫಿ ಇಟ್ಟು ಕಲಿಸಿ. ಎಂಎ ವಿದ್ಯಾರ್ಥಿಗೆ 0.21 ಬಂದ್ರೆ "0.21 ಬಂತು" ಅಂತ ಬರೆಯೋ ಧೈರ್ಯ ಕೊಡಿ, ಪ್ರಥಮ ದರ್ಜೆಯನ್ನೂ ಕೊಡಿ. ಹೊಸದೇನನ್ನೋ ಹುಡುಕಿದ ಹಾಗೆ ನಟಿಸೋ ಹತ್ತು ಪ್ರಬಂಧಗಳಿಗಿಂತ, ಹಳೆಯದೊಂದನ್ನು ನಮ್ಮ ಊರಲ್ಲಿ 300 ಜನರ ಮೇಲೆ ನೆಟ್ಟಗೆ ಮತ್ತೆ ಮಾಡಿ ನೋಡಿದ ಒಂದು ಪ್ರಬಂಧ ಮೇಲು.

ನಮ್ಮ ನಿಮ್ಮಂಥ ಬರೆಯೋರಿಗೂ ಒಂದು ಮಾತು. "ಮನಶ್ಶಾಸ್ತ್ರಜ್ಞರು ಕಂಡುಹಿಡಿದಿದ್ದಾರೆ" ಅಂತ ಬ್ಲಾಗಿಗೆ ಏರಿಸೋ ಮೊದಲು, ವಾಟ್ಸಾಪಿನಲ್ಲಿ ಮುಂದೂಡೋ ಮೊದಲು ಐದು ಪ್ರಶ್ನೆ ಕೇಳೋಣ. ಎಷ್ಟು ಜನ? ಯಾರು ಅವರು? ಯಾರ ಜೊತೆ ಹೋಲಿಸಿದ್ದು? ವ್ಯತ್ಯಾಸ ಎಷ್ಟು ದೊಡ್ಡದು? ಬೇರೆ ಯಾರಾದ್ರೂ ಮತ್ತೆ ಮಾಡಿ ನೋಡಿದಾರಾ? ಉತ್ತರ ಸಿಗದಿದ್ರೆ ಹಾಕೋದು ಬೇಡ. ಜಗತ್ತೇನೂ ಮುಳುಗಲ್ಲ.

ಅಕ್ಕ ಮೊನ್ನೆ ಶಾಲೆಗೆ ಹೋಗಿ ಮೊದಲ ಪ್ರಶ್ನೆ ಕೇಳಿದಳಂತೆ. "ಮೇಡಂ, ಆ ಅಂಕದ ಲೆಕ್ಕದಲ್ಲಿ ಎಷ್ಟು ಮಕ್ಕಳಿದ್ರು?" ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಿ ಹೇಳ್ತೀನಿ" ಅಂದ್ರಂತೆ. ನನಗೆ ಆಕೆಯ ಮೇಲೆ ಗೌರವ ಬಂತು. ನಾನು ಎಂಎ ಮಾಡೋವಾಗ ಯಾರಿಗೂ ಹಾಗೆ ಹೇಳಲಿಲ್ಲ.

ನನ್ನ ಕೆಂಪು ರಟ್ಟಿನ ಪ್ರಬಂಧ ಇನ್ನೂ ಗ್ರಂಥಾಲಯದ ಕಪಾಟಿನಲ್ಲಿದೆ. ವಿಭಾಗಕ್ಕೆ ಒಂದು ಪತ್ರ ಬರೆದಿದ್ದೀನಿ, ನಾನು ಮಾಡಿದ ಅಷ್ಟೂ ಪರೀಕ್ಷೆಗಳ ಪಟ್ಟಿಯ ಜೊತೆ, ಅದನ್ನು ಪ್ರಬಂಧದೊಳಗೆ ಅಂಟಿಸಿ ಅಂತ. ಉತ್ತರ ಬಂದಿಲ್ಲ. ಬಂದ್ರೆ ಇಲ್ಲೇ ಬರೀತೀನಿ, ಬಾರದಿದ್ರೂ ಬರೀತೀನಿ.

ಅಂದ ಹಾಗೆ, 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ನಮ್ಮ ದೇಶದಲ್ಲಿ ನಿಂತದ್ದು 2011ರ ಜೂನ್ 30ಕ್ಕೆ. ಆ ಮೂವರು ಹಾಡು ಕೇಳಿಸಿ ವಯಸ್ಸು ಇಳಿಸಿದ್ದೂ ಅದೇ ವರ್ಷ. ಅಂಗಡಿಯಲ್ಲಿ ಐದು ಪೈಸೆ ಯಾರೂ ತಗೊಳ್ಳಲ್ಲ. ನಮ್ಮ ಪ್ರಬಂಧಗಳಲ್ಲಿ ಮಾತ್ರ ಇನ್ನೂ ನಡೀತಿದೆ.

ನೀವೇನಂತೀರಿ? ಸೈಕಾಲಜಿ ಓದಿದವರು, ಓದ್ತಿರೋರು ಇದ್ರೆ ನಿಮ್ಮ 0.04ರ ಕಥೆಯನ್ನೂ ಬರೀರಿ. ಬೈಯೋರು ಬೈಯಿರಿ, ಆದ್ರೆ ಸಂಖ್ಯೆ ಇಟ್ಟು ಬೈಯಿರಿ :-)